ಮೇಣದ ದಾರ

೨೦೧೭ರ ಮಾರ್ಚ್ ೧೪, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಆರು ಲೀಟರಿನ ಸ್ಪೀಕರ್ ಪೆಟ್ಟಿಗೆಯ ಎಂಟು ಸ್ಕ್ರೂಗಳನ್ನು ಬಿಚ್ಚಿ, ಸ್ಪೀಕರನ್ನು ಮೆಲ್ಲಗೆ ಹೊರಗೆಳೆದ ವಿನ್ಯಾಸಗಾರ್ತಿಯ ಕೈ ಅಲ್ಲೇ ನಿಂತಿತು. ಒಳಗೆ ತಾನು ಬೆಸುಗೆ ಹಾಕಿದ್ದ ತಂತಿಯನ್ನು ಯಾರೋ ಅಡ್ಡಪಟ್ಟಿಗೆ ಬಿಗಿದಿದ್ದರು. ಮೇಣ ಹಚ್ಚಿದ ಕಪ್ಪು ದಾರ, ಜೋಡಿ ಗಂಟು. ಯಾರೋ ಏನು ಬಂತು! ಅದೇ ದಾರ, ಅದೇ ಗಂಟು ಮಾವನ ಕನ್ನಡಕದ ಮುರಿದ ಕಡ್ಡಿಯಲ್ಲಿ ದಿನಾ ಊಟದ ಹೊತ್ತಿಗೆ ಅವಳ ಕಣ್ಣಿಗೆ ಬೀಳುತ್ತಿತ್ತು.

ಮಾವ, ಎಂದರೆ ಗಂಡನ ತಂದೆ, ಇದೇ ಕಾರ್ಖಾನೆಯ ಬಡಗಿ. ಅವರು ಮಾಡಿಕೊಟ್ಟ ಮೊದಲ ಎರಡು ಪೆಟ್ಟಿಗೆಗಳಲ್ಲಿ ಆಳದ ಸದ್ದು ಕೊಡುವಾಗಲೆಲ್ಲ ಒಂದು ಕರಕರ ಕೇಳುತ್ತಿತ್ತು. ಅಳೆಯುವ ಉಪಕರಣದಲ್ಲಿ ಸದ್ದಿನ ವಿರೂಪ ಶೇಕಡಾ ಏಳು. ಪುಟ್ಟ ಪೆಟ್ಟಿಗೆಯಲ್ಲಿ ಗಾಳಿಯ ಒತ್ತಡ ಹೆಚ್ಚು, ಹಲಗೆಗಳ ಜೋಡಣೆಯ ಸಂದಿಯಲ್ಲಿ ಸೋರುತ್ತಿದೆ ಎಂದು ಅವಳು ತೀರ್ಮಾನಿಸಿದಳು. ತನ್ನವರೆಂದು ಸುಮ್ಮನೆ ಬಿಟ್ಟಳು ಎಂದು ನಾಲ್ಕು ಜನ ಆಡಿಕೊಳ್ಳಬಾರದಲ್ಲ! ಕಾರ್ಖಾನೆಯ ಯಜಮಾನರ ಎದುರೇ ಗಟ್ಟಿಯಾಗಿ ಹೇಳಿದಳು. ವರದಿಯಲ್ಲೂ ಬರೆದಳು: ಜೋಡಣೆಯ ದೋಷ.

ಮೂರನೆಯದಕ್ಕೆ, ಹಲಗೆ ಅದುರದಿರಲೆಂದು, ಅವಳೇ ಒಳಗೆ ಒಂದು ಅಡ್ಡಪಟ್ಟಿ ಸೇರಿಸಿದಳು. ಎಂದಿನಂತೆ ತಾನೇ ತಂತಿ ಹಾಕಿ, ಸ್ಪೀಕರ್ ಕೂರಿಸಿ, ಪಾಲಿಶ್‌ಗೆಂದು ಮಾವನ ಮೇಜಿಗೆ ಕಳಿಸಿದಳು. ವಾಪಸು ಬಂದಾಗ ವಿರೂಪ ಶೇಕಡಾ ಒಂದಕ್ಕಿಂತ ಕಡಿಮೆ. ಅಡ್ಡಪಟ್ಟಿಗೆ ಎಲ್ಲರೂ ಶಹಬಾಸ್ ಅಂದರು, ಅವಳೂ ಬೀಗಿದಳು. ಆದರೆ ವರದಿ ವರದಿಯೇ. ಕೈಜೋಡಣೆ ನಂಬುವಂತಿಲ್ಲವೆಂದು ಯಜಮಾನರು ಪೆಟ್ಟಿಗೆಯ ಕೆಲಸವನ್ನೆಲ್ಲ ಹೊರಗಿನ ಯಂತ್ರದವರಿಗೆ ಕೊಡಲು ಹೊರಟಿದ್ದರು. ಅವರಿಗೆ ಕಾಗದ ಇವತ್ತು ಮಧ್ಯಾಹ್ನವೇ ಹೋಗಬೇಕು. ಅದರ ಜೊತೆಗಿಡುವ ನಕ್ಷೆಗಾಗಿಯೇ ಅವಳು ಈಗ ಈ ಮೂರನೆಯ ಪೆಟ್ಟಿಗೆ ಬಿಚ್ಚಿದ್ದು.

ಮಾವ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಹಲಗೆ ಉಜ್ಜುತ್ತಿದ್ದರು.

"ಮಾವ, ಈ ದಾರ..."

"ಓ, ಅದಾ? ತಂತಿ ಉದ್ದ ಆಗಿತ್ತಮ್ಮ. ಸದ್ದು ಬಂದಾಗೆಲ್ಲ ಕುಣಿದು ಹಲಗೆಗೆ ಬಡೀತಿತ್ತು. ಒಂದು ಗಂಟು ಹಾಕ್ದೆ."

"ಮೊದಲಿನ ಎರಡರಲ್ಲೂ ಇದೇನಾ?"

"ಬಿಚ್ಚಿ ನೋಡಿದ್ನಲ್ಲ. ಇದೇ."

"ಹೇಳಬಾರದಿತ್ತಾ?"

"ಹೇಳೋಕೇ ಬಂದೆ. ಆಗ ನೀನು ಯಜಮಾನರಿಗೆ ನನ್ನ ಜೋಡಣೆ ಬಗ್ಗೆ ಪಾಠ ಮಾಡ್ತಿದ್ದೆ. ನಡುವೆ ಬಾಯಿ ಹಾಕಿದ್ರೆ ನಿನ್ನ ಮುಖ ಏನಾಗ್ಬೇಕು?" ಅವರು ಮರದ ಪುಡಿ ಊದಿ ನಕ್ಕರು. "ನಿನ್ನ ಅಡುಗೇಲಿ ಉಪ್ಪಿಲ್ಲದಿದ್ರೂ ತಿಂದು ಎದ್ದು ಹೋಗೋನು ನಾನು. ಇದನ್ನ ಹೇಳ್ತೀನಾ?"

ಅವಳು ಹಿಡಿಯಷ್ಟಾದಳು. ಬೈದಿದ್ದರೆ ಚೆನ್ನಾಗಿತ್ತು. ಒಂದು ತಿಂಗಳಿಂದ ಒಂದೇ ಮೇಜಿನಲ್ಲಿ ಕೂತು, ಅವಳ ಕೈಯಿಂದಲೇ ಬಡಿಸಿಕೊಂಡು ಈ ಮನುಷ್ಯ ಇದನ್ನು ನುಂಗಿಕೊಂಡಿದ್ದರು.

ಪೆಟ್ಟಿಗೆಯನ್ನು ಎದೆಗವಚಿಕೊಂಡು ಅವಳು ಯಜಮಾನರ ಕೋಣೆಗೆ ನಡೆದಳು. ಜೋಡಣೆಯದು ತಪ್ಪಲ್ಲ ಎನ್ನುತ್ತಿದ್ದಂತೆ ಅವರು ಕುರ್ಚಿಗೊರಗಿದರು.

"ಏನಮ್ಮ, ಮಾವನ ಪರ ವಕೀಲಿಕೆನಾ?"

ಯಾವ ಮಾತಿಗೆ ಹೆದರಿ ಸುಳ್ಳು ನಿಷ್ಠುರ ತೋರಿಸಿದ್ದಳೋ ಅದೇ ಮಾತು. ಅವಳು ಕತ್ತರಿ ತೆಗೆದು ದಾರ ಕತ್ತರಿಸಿದಳು, ಸ್ಪೀಕರನ್ನು ಮತ್ತೆ ಕೂರಿಸಿದಳು, ನಲವತ್ತೈದು ಹರ್ಟ್ಸ್‌ನ ಆಳದ ಸದ್ದು ಹಾಕಿದಳು. ಕರಕರ ಎಂದಿತು. ಅಡ್ಡಪಟ್ಟಿ ಅಲ್ಲೇ ಇತ್ತು, ಪಾಪ, ಯಾವ ಉಪಯೋಗಕ್ಕೂ ಇಲ್ಲದೆ.

ಯಜಮಾನರು ಮುಂದಕ್ಕೆ ಬಾಗಿದರು. "ಹಾಗಾದ್ರೆ ತಪ್ಪು ಯಾರದು?"

"ನಂದು ಸರ್. ಮೂರು ಸಲವೂ ನಂದೇ."

ಅವರು ಯಂತ್ರದವರಿಗೆ ಹೋಗಬೇಕಿದ್ದ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿ, ಹಳೆಯ ವರದಿಯನ್ನು ಅವಳತ್ತ ತಳ್ಳಿದರು. "ಬಾಯಲ್ಲಿ ಬೇಡ. ಇದರಲ್ಲಿ ಬರಿ. ಎಲ್ಲರಿಗೂ ಹೋಗ್ಲಿ."

ಜೋಡಣೆಯ ದೋಷ ಎಂಬ ಎರಡು ಪದಗಳ ಮೇಲೆ ಅವಳು ಗೆರೆ ಎಳೆದಳು. ಸ್ಕೇಲು ತಂದು, ತಂತಿಯನ್ನು ನೇರ ಮಾಡಿ ಅಳೆದಳು. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದಳು. ಆಮೇಲೆ ಕೆಳಗೆ ಬರೆದು ಸಹಿ ಹಾಕಿದಳು: ನಾನು ಹಾಕಿದ ತಂತಿ ಬೇಕಾದ್ದಕ್ಕಿಂತ ಆರೂವರೆ ಸೆಂಟಿಮೀಟರ್ ಉದ್ದವಿತ್ತು.