ಕಣ್ತುಂಬ ನೋಡಿಕೋ ಹಲೀಮಾ

ಕಿವಿ ಮತ್ತೆ ಕಟ್ಟಿತು, ಉಗುಳು ನುಂಗು ಬಿಡುತ್ತದೆ ಎಂದು ಇವರು ಬೆಟ್ಟದ ಮೇಲೆಯೇ ಹೇಳಿದ್ದರು, ನುಂಗಿದೆ, ಟಪ್ಪೆಂದು ಬಿಟ್ಟಿತು, ಬಿಟ್ಟ ಕೂಡಲೇ ಹಿಂದಿನ ಸೀಟಿನ ಝೀನತ್‌ಳ ನಗು ಪೂರ್ತಿ ನನ್ನ ಕಿವಿಯೊಳಗೆ — ಅಲ್ಲಿ ನೋಡು ಮಾರಾಯ್ತಿ, ಮಂಗ ಖುಬ್ಬೂಸ್ ರೊಟ್ಟಿ ತಿನ್ನುವ ಚಂದ ನೋಡು, ಥೇಟ್ ನಮ್ಮವರ ಹಾಗೆ, ಸಾರು ಕೊಟ್ಟರೆ ಅದ್ದಿಯೇ ತಿಂದೀತು — ಅವಳ ಗಂಡ ನಝೀಮ್ ಸುಮ್ಮನಿರುವವನೇ, ಆ ಮಂಗ ಪುಣ್ಯವಂತ, ಅದರ ಹೆಂಡತಿಗೆ ಮಾತು ಬರುವುದಿಲ್ಲ ಎನ್ನುತ್ತಾನೆ, ವ್ಯಾನಿಡೀ ನಗುತ್ತದೆ, ನಾನೂ ನಗುತ್ತೇನೆ, ಮತ್ತೆ ಸುರಂಗ, ಕತ್ತಲೆ, ಮತ್ತೆ ಬೆಳಕು, ಬೆಳಕಿನ ಜೊತೆಗೇ ಕಣಿವೆ, ಯಾ ಅಲ್ಲಾ, ಎಷ್ಟು ಆಳ, ಬೆಟ್ಟದ ಪಕ್ಕೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಯಾರೋ ಎಂದೋ ಕಟ್ಟಿದ ಗದ್ದೆಗಳು, ಒಂದೊಂದು ಕೋಡಿನ ಮೇಲೆ ಒಂದೊಂದು ಕಲ್ಲಿನ ಕಾವಲು ಗೋಪುರ, ಇಷ್ಟು ವರ್ಷ ಈ ದೇಶದಲ್ಲಿದ್ದು ನಾನು ಕಂಡದ್ದು ಏನು, ಖೋಬರಿನ ಫ್ಲಾಟಿನ ಕಿಟಕಿ, ಕಿಟಕಿಯಾಚೆ ಎದುರು ಕಟ್ಟಡದ ಏಸಿಗಳ ಬೆನ್ನು, ಶುಕ್ರವಾರ ಸಂಜೆಯಾದರೆ ಅಲೆಯೇ ಇಲ್ಲದ ಆ ಸಮುದ್ರ, ಇಲ್ಲಿ ಬೆಟ್ಟ ಉಂಟು, ಮಂಜು ಉಂಟು, ಬಾಹಾ ಎಂಬ ಊರಿನಲ್ಲಿ ಸ್ವೆಟರ್ ಹಾಕಿ ಚಹಾ ಕುಡಿಯಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿದ್ದೆನೇ — ನಿಲ್ಲಿಸ್ಲಾ ಹಲೀಮಾ, ಇಲ್ಲಿಂದ ಚಂದ ಕಾಣ್ತದೆ, ಎಂದು ಇವರು ಕೇಳುತ್ತಾರೆ, ಇವರು, ನನ್ನ ಗಂಡ ಶಂಸುದ್ದೀನ್ ಸಾಹೇಬರು, ಗಾಡಿ ಹೊರಟಿತೆಂದರೆ ಪೆಟ್ರೋಲಿಗಲ್ಲದೆ ಬ್ರೇಕ್ ಒತ್ತದ ಮನುಷ್ಯ, ಮಗಳು ಶಬ್ನಮ್ ಚಿಕ್ಕವಳಿದ್ದಾಗ ಮೂತ್ರಕ್ಕೆ ಅತ್ತರೂ ಮುಂದಿನ ಬಂಕ್ ಬರಲಿ ಎನ್ನುತ್ತಿದ್ದವರು, ಈ ಪ್ರವಾಸದಲ್ಲಿ ನಾನು ಓಹ್ ಎಂದಲ್ಲೆಲ್ಲ ನಿಲ್ಲಿಸಿದ್ದಾರೆ, ತಾಯಿಫಿನಲ್ಲಿ ಗುಲಾಬಿ ಜಲ ತೆಗೆದುಕೊಟ್ಟರು, ರಸ್ತೆ ಬದಿಯಲ್ಲಿ ದಾಳಿಂಬೆ ಒಡೆದು ಬಿಡಿಸಿ ಕೈಗೆ ಹಾಕಿದರು, ಬಾಗಿಲು ತೆರೆದು ಇಳಿಸಿ ನನ್ನ ಬೆನ್ನ ಹಿಂದೆ ನಿಂತು, ನೋಡು, ಕಣ್ತುಂಬ ನೋಡಿಕೋ ಹಲೀಮಾ — ಆ ದನಿ ಕೇಳಿ ನಾನು ಕರಗಿ ಹೋದೆ, ಗಂಡಸರಿಗೆ ನಲವತ್ತೆಂಟು ದಾಟಿದ ಮೇಲೆ ಅಲ್ಲಾಹನು ಹೃದಯ ಕೊಡುತ್ತಾನೆ ಎಂದು ಉಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ ಎಂದುಕೊಂಡೆ.

ಒಂದು ಮಾತ್ರ ಸರಿಯಾಗಲಿಲ್ಲ, ಮಕ್ಕಾದಲ್ಲಿ, ಉಮ್ರಾ ಯಾತ್ರೆ ಮುಗಿದ ಮರುದಿನ, ಜಬಲ್ ನೂರ್ ಹತ್ತುವ ಎಂದು ನಾನೇ ಹೇಳಿದ್ದೆ, ಪ್ರವಾದಿಯವರು ಧ್ಯಾನಕ್ಕೆ ಕುಳಿತ ಹಿರಾ ಗುಹೆಯ ಬೆಟ್ಟ, ನಾನು ಊರಿನಿಂದ ಬಂದ ಮೊದಲ ವರ್ಷ ನಾವಿಬ್ಬರೇ ಹತ್ತಿದ್ದೆವು, ಆ ಮೊದಲು ಎಷ್ಟು ವರ್ಷ ಫೋನಿನ ಸಂಸಾರ, ತವರಿನಲ್ಲಿ ಮದುಮಗನಿಗೆಂದು ಮೀಸಲಿಟ್ಟ ಕೋಣೆ, ಮಂಚದ ಮೇಲಿಟ್ಟ ಚಾದರ ಮಡಿ ಬಿಚ್ಚದೆ ಎರಡೆರಡು ವರ್ಷ ಹಾಗೇ, ಇವರು ರಜೆಗೆ ಬಂದಾಗ ಬಿಚ್ಚುವುದು, ಹೋದಾಗ ಒಗೆದು ಮತ್ತೆ ಮಡಿಸಿಡುವುದು, ಶಬ್ನಮ್ ಅಪ್ಪನನ್ನು ನೋಡಿ ಇವರು ಯಾರು ಉಮ್ಮ ಎಂದದ್ದು ಅದೇ ಕೋಣೆಯ ಹೊಸ್ತಿಲಲ್ಲಿ — ಹಾಗಾಗಿ ಆ ವರ್ಷ ಬೆಟ್ಟದ ತುದಿಯಲ್ಲಿ, ಗುಹೆಯ ಬಾಯಿಯ ಹತ್ತಿರ, ಇವರು ಬೆವರೊರೆಸಿಕೊಂಡು ಹೇಳಿದ್ದರು, ಇನ್ನು ನಿನ್ನನ್ನು ಬಿಟ್ಟು ನಾನು ಒಂದು ಊರು, ನೀನು ಒಂದು ಊರು ಅಂತ ಇರುವುದಿಲ್ಲ, ಇದ್ದರೆ ಇಬ್ಬರೂ ಇಲ್ಲಿ, ಹೋದರೆ ಇಬ್ಬರೂ ಊರಿಗೆ — ನಾನು ಕೇಳಿಯೂ ಇರಲಿಲ್ಲ, ತಾವಾಗಿಯೇ ಹೇಳಿದ್ದು, ಈ ಸಲ ಬೆಟ್ಟದ ಬುಡಕ್ಕೆ ಬಂದು ತಲೆಯೆತ್ತಿ ನೋಡಿದವರು ಮೊಣಕಾಲು ಹಿಡಿದುಕೊಂಡರು, ಆಗುವುದಿಲ್ಲ, ನೀವು ಹೆಂಗಸರು ಹೋಗಿ ಬನ್ನಿ ಎಂದರು, ಝೀನತ್ ನಝೀಮನ ಮುಖ ನೋಡಿದಳು, ನಝೀಮ್ ಮೊಬೈಲ್ ನೋಡಿದ, ಮೊಣಕಾಲು ನೋವಿನ ಮನುಷ್ಯನನ್ನು ಬಿಟ್ಟು ನಾನೂ ಹತ್ತಲಿಲ್ಲ — ಈಗ ನೋಡಿದರೆ, ವ್ಯಾನು ನಿಂತಿದೆ, ಕಣಿವೆಯ ತಳ, ಎದುರಿಗೆ ಬಿಳಿ ಕಲ್ಲಿನ ಗುಡ್ಡ, ಗುಡ್ಡದ ಮೇಲೆ ಒಂದರ ಹೆಗಲ ಮೇಲೊಂದು ಕುಳಿತ ಕಲ್ಲಿನ ಮನೆಗಳು, ಈಗ ಯಾರೂ ವಾಸವಿಲ್ಲದ ಹಳ್ಳಿ, ನೆತ್ತಿಯ ಹತ್ತಿರ ಸಣ್ಣ ಮಸೀದಿ, ಇವರು ಇಳಿದವರೇ ಶಬ್ನಮ್‌ಳ ಕೈಯಿಂದ ನೀರಿನ ಬಾಟಲಿ ಕಸಿದು ಮೇಕೆಯ ಹಾಗೆ ಹತ್ತುತ್ತಿದ್ದಾರೆ, ಎರಡು ಮೆಟ್ಟಿಲಿಗೆ ಒಂದು ಹೆಜ್ಜೆ, ಎಲ್ಲಿ ಹೋಯಿತು ಆ ಮೊಣಕಾಲು, ಝಂಝಂ ನೀರು ಕುಡಿದು ವಾಸಿಯಾಯಿತೇ ಎಂದು ನಗು ಬಂತು.

ಬುಡದಲ್ಲಿ ನೀರಿನ ಸದ್ದು, ಈ ದೇಶದಲ್ಲಿ ಹರಿಯುವ ನೀರು, ಕಲ್ಲಿನ ಕಾಲುವೆಯಲ್ಲಿ ತಣ್ಣಗೆ, ಪಕ್ಕದಲ್ಲಿ ಬಾಳೆ, ಸಣ್ಣ ಸಣ್ಣ ಗೊನೆ, ನಮ್ಮ ಕದಳಿಯ ಹಾಗೆ, ಮತ್ತೆ ಆ ಪರಿಮಳ — ಎಲ್ಲಿಂದ, ಎಲ್ಲಿಂದ — ಕೇದಗೆ, ಮುಳ್ಳಿನ ಪೊದೆ, ಹಳದಿ ಗರಿ, ಮಾರುವ ಮುದುಕ ಒಂದನ್ನು ನನ್ನ ಮೂಗಿಗೆ ಹಿಡಿದು ಕಾದಿ, ಕಾದಿ ಎನ್ನುತ್ತಾನೆ, ನಮ್ಮ ಉಮ್ಮ ಕೇದಗೆ ಗರಿಯನ್ನು ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಡುತ್ತಿದ್ದರು, ಅದೇ ಗರಿ, ಅಲ್ಲಾಹನು ಅಲ್ಲಿಟ್ಟದ್ದನ್ನು ಇಲ್ಲಿಯೂ ಇಟ್ಟಿದ್ದಾನೆ ಎಂದು ಒಂದು ಗರಿ ಹಿಡಿದು ಹತ್ತುತ್ತಿದ್ದೆ, ಹಿಂದಿನಿಂದ ಝೀನತ್ ಬುಸು ಬುಸು ಎಂದು, ನಿಲ್ಲು ಮಾರಾಯ್ತಿ, ನನ್ನನ್ನು ಇಲ್ಲಿಯೇ ಕಬರಿಗೆ ಹಾಕ್ತೀಯಾ ಹೇಗೆ, ಅಬಾಯಾ ಎತ್ತಿ ಹಿಡಿದು, ಒಂದು ಮನೆಯ ಕಲ್ಲಿನ ಜಗಲಿಯಲ್ಲಿ ಕುಳಿತೆವು, ಅವಳು ನನ್ನ ಭುಜಕ್ಕೆ ತಲೆಯಿಟ್ಟಳು, ಎಂಟು ವರ್ಷ ಕೆಳಗಿನ ಮಾಳಿಗೆಯವಳು, ನನ್ನ ಗರ್ಭ ಇಳಿದಾಗ ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸಿದವಳು, ಹೇಳಿದಳು, ನಿನ್ನ ಬಿಟ್ಟು ನಾನು ಹೇಗಿರುವುದು ಹಲೀಮಾ, ಆಮೇಲೆ ಮೂಗೊರೆಸಿಕೊಂಡು, ಮತ್ತೆ ಮರೆತು ಹೋಗ್ತದೆ ಈಗಲೇ ಹೇಳಿಡ್ತೇನೆ, ನಿನ್ನ ಗ್ರೈಂಡರ್ ನನಗೆ ಆಯ್ತಾ, ಆ ರಹ್ಮತ್ ಮೇಲಿನ ಮಾಳಿಗೆಯಿಂದ ಬಂದು ಕೇಳಿದರೆ ಬುಕ್ ಆಗಿದೆ ಅಂತ ಹೇಳು.

ಬುಕ್ ಆಗಿದೆ ಅಂತ ಹೇಳು — ಈ ಮಾತು ನನಗೆ ಗೊತ್ತು, ನಮ್ಮ ಕಟ್ಟಡದಲ್ಲಿ ಯಾರಿಗೆ ಗೊತ್ತಿಲ್ಲ, ಈ ವರ್ಷ ಹೆಂಡತಿ ಮಕ್ಕಳ ತಲೆಗೆ ಸರಕಾರದ ಫೀಸು ಬಂದಂದಿನಿಂದ ಮಾಳಿಗೆ ಮಾಳಿಗೆಯಾಗಿ ಖಾಲಿ, ಇಂಥವರಿಗೆ ಫೈನಲ್ ಎಕ್ಸಿಟ್ ಅಂತೆ, ಹೋದರೆ ಮರಳಿ ಬರುವ ಬಾಗಿಲಿಲ್ಲದ ವೀಸಾ, ಸುದ್ದಿ ಬಂದ ಸಂಜೆಯೇ ಎಲ್ಲರೂ ಹೋಗಿ ಅಪ್ಪಿಕೊಂಡು ಅತ್ತು ಚಹಾ ಕುಡಿದು ಏಳುವಾಗ, ನಿಮ್ಮ ಫ್ರೀಝರ್ ನನಗೆ, ನಿಮ್ಮ ಪರದೆ ನನಗೆ, ಮೊದಲು ಬಾಯಿ ಬಿಟ್ಟವರಿಗೆ, ಅದೇ ಕಾನೂನು, ಊರಿಗೆ ಹೋದ ಪುಷ್ಪಾವತಿಯ ಓವನ್ ನನ್ನ ಅಡುಗೆಮನೆಗೆ ಬಂದದ್ದೂ ಹಾಗೆಯೇ, ಆದರೆ ಹೋಗುವವರ ಹತ್ತಿರ ಹೇಳುವ ಮಾತದು, ರಜೆಗೆ ಹೋಗಿ ಬರುವವರ ಹತ್ತಿರ ಯಾರೂ ಹೇಳುವುದಿಲ್ಲ, ನಾನು ರಜೆಗೆ, ಶಬ್ನಮ್‌ಳ ಪರೀಕ್ಷೆ ಮುಗಿದ ಕೂಡಲೇ ಎರಡು ತಿಂಗಳು, ಹೋಗಿ ಬರುವ ಟಿಕೆಟ್ ಎಂದು ಇವರೇ — ನನ್ನ ಮುಖದಲ್ಲಿ ಏನು ಕಂಡಳೋ, ಝೀನತ್ ಭುಜದಿಂದ ತಲೆ ತೆಗೆದಳು, ಶಂಸುಭಾಯಿ ನಿನಗೆ ಹೇಳಲಿಲ್ವಾ, ಹಿರಾ ಬೆಟ್ಟದಲ್ಲಿ ಹೇಳ್ತೇನೆ ಅಂದಿದ್ದರು, ಅಲ್ಲಿ ಹೇಳಿದರೆ ಅವಳು ಸಹಿಸ್ತಾಳೆ ಅಂತ, ಮೊಣಕಾಲು ನೋವು ಅಂದಾಗ ರೂಮಿನಲ್ಲಿ ಹೇಳಿರಬಹುದು ಅಂತ ನಾನು, ನೀನು ಇವತ್ತು ನಗ್ತಾ ಇದ್ದೆಯಲ್ಲ, ಅಯ್ಯೋ ಅಲ್ಲಾ ನನ್ನ ಬಾಯಿಗೆ ಮಣ್ಣು ಹಾಕ — ಅವಳು ಮಾತಾಡುತ್ತಲೇ ಇದ್ದಳು, ನನಗೆ ಕಂಡದ್ದು ಹೋದ ಶುಕ್ರವಾರದ ಅವಳ ಕೈ, ನನ್ನ ಅಡುಗೆಮನೆ, ಪಿಂಡಿಯ ಉಂಡೆಗಳಿಗೆ ಅಕ್ಕಿ ಅರೆದು ತೊಳೆದಿಟ್ಟ ಗ್ರೈಂಡರ್, ನಾನು ತೆಂಗಿನಕಾಯಿ ತುರಿಯುತ್ತಿದ್ದೆ, ಅವಳು ಅದರ ಬಾಯಿಯ ಮೇಲೆ ಕೈ ಅಗಲಿಸಿ ಇಟ್ಟಳು, ಹೆಬ್ಬೆರಳು ಈ ಅಂಚಿಗೆ, ಕಿರುಬೆರಳು ಆ ಅಂಚಿನ ಕಡೆಗೆ, ಗೇಣು ಹಾಕಿದಳು, ಬಳೆ ಸ್ಟೀಲಿಗೆ ತಾಗಿ ಟಿಣ್ ಎಂದಿತು, ಒದ್ದೆಯಾಗಿದೆಯೇ ನೋಡುತ್ತಿದ್ದಾಳೆ ಎಂದುಕೊಂಡು, ಒರೆಸಿದ್ದೇನೆ ಮಾರಾಯ್ತಿ ಎಂದಿದ್ದೆ, ಅವಳು ಹೂಂ ಎಂದಿದ್ದಳು.

ಹೂಂ ಎಂದಳು, ಅಷ್ಟೇ, ಮತ್ತೆ ಅದೇ ಪಿಂಡಿ ತಿಂದಳು — ನಾನು ಎದ್ದು ಹತ್ತುತ್ತಿದ್ದೇನೆ, ಅವಳು ಹಿಂದೆ ಕೂಗುತ್ತಾಳೆ, ಗೋಡೆಗಳ ನಡುವೆ ಕಿರಿದಾದ ದಾರಿ, ಯಾರ ಮನೆಯೋ, ಯಾರು ಬಿಟ್ಟು ಹೋದದ್ದೋ, ಒಳಗೆ ಒಲೆಯ ಮಸಿ ಗೋಡೆಯಲ್ಲಿ ಹಾಗೇ ಉಂಟು, ಈ ಮನೆಯ ಹೆಂಗಸಿಗಾದರೂ ಮೊದಲೇ ಹೇಳಿದ್ದರೇ, ಅವಳ ಬೀಸುಕಲ್ಲನ್ನು ಯಾರು ಬುಕ್ ಮಾಡಿದ್ದರು, ತವರಿಗೆ ಹೋದರೆ ಆ ಕೋಣೆಯೂ ಇಲ್ಲ, ಅಣ್ಣನ ಮಗಳ ಮದುವೆಯಾಗಿ ಈಗ ಅದು ಅವಳ ಮದುಮಗನಿಗೆ, ಚಾದರ ಬೇರೆ, ನಾನು ನಡುಕೋಣೆಯಲ್ಲಿ ಚಾಪೆ ಬಿಡಿಸಿ ಮತ್ತೆ ಫೋನಿಗೆ ಕಾಯಬೇಕು, ನಲವತ್ತೆರಡರಲ್ಲಿ, ಹೇಳಿದ್ದರೆ ನಾನೇನು ಕಟ್ಟಿಹಾಕುತ್ತಿದ್ದೆನೇ, ಕಂಪೆನಿ ಸರಿಯಿಲ್ಲ, ನಿಭಾಯಿಸಲಾಗುವುದಿಲ್ಲ ಎಂದರೆ ನನಗೆ ಅರ್ಥವಾಗದೇ, ನೀವೂ ಬನ್ನಿ, ಇಬ್ಬರೂ ಹೋಗುವ, ಅಂಗಡಿಯೋ ಮೀನಿನ ವ್ಯಾಪಾರವೋ ಎನ್ನುತ್ತಿದ್ದೆ, ಅದಕ್ಕೇ ಹೇಳಲಿಲ್ಲವೇ, ಆ ಮಾತು ಬರುತ್ತದೆ ಎಂದೇ — ನೆತ್ತಿ ಬಂತು, ಗಾಳಿ, ಕೆಳಗೆ ಬಾಳೆಯ ಹಸಿರು ಕರವಸ್ತ್ರದಷ್ಟು, ಇವರು ಗೋಡೆಗೊರಗಿ ನಿಂತಿದ್ದಾರೆ, ಶಬ್ನಮ್ ಮೊಬೈಲ್ ಹಿಡಿದಿದ್ದಾಳೆ, ಬಾ ಬಾ ಹಲೀಮಾ, ಇಲ್ಲಿ ನಿಲ್ಲು, ಇಬ್ಬರದ್ದೂ ಒಂದು ಫೋಟೋ ಆಗಲಿ, ಹಿಂದೆ ಇಡೀ ಕಣಿವೆ ಬರ್ತದೆ — ನನ್ನ ಎಕ್ಸಿಟ್ ಹೊಡೆದಾಯ್ತಾ, ಎಂದು ಕೇಳಿದೆ, ಇಲ್ಲ ಎನ್ನಲಿ, ಎಂತ ಮಾತು ಇದು ಎಂದು ಗದರಲಿ, ಇವರು ಗಡ್ಡ ಕೆರೆದುಕೊಂಡರು, ನಿನಗೆ ಯಾರು ಹೇಳಿದ್ದು, ಎಂದರು. ಯಾರು ಹೇಳಿದ್ದು. ನಾನು ಮಗಳ ಕಡೆ ತಿರುಗಿದೆ, ಅವಳಾದರೂ ಏನು ಉಮ್ಮ, ಯಾವ ಎಕ್ಸಿಟ್ ಎಂದು ಕೇಳುತ್ತಾಳೆ ಎಂದು, ಅವಳು ಒಂದು ಕಿವಿಯ ಇಯರ್‌ಫೋನ್ ತೆಗೆದು, ಉಮ್ಮ ಪ್ಲೀಸ್, ಇಲ್ಲಿ ಅಳ್ಬೇಡಿ, ಜನ ನೋಡ್ತಾರೆ, ಎಂದಳು — ಅವಳಿಗೂ ಗೊತ್ತು, ಟಿಸಿಗೆ ಅರ್ಜಿ ಹಾಕಲು ಅಪ್ಪನ ಜೊತೆ ಶಾಲೆಗೆ ಹೋದದ್ದು ಅವಳೇ ಅಲ್ಲವೇ, ಐಸ್‌ಕ್ರೀಮ್ ತಿನ್ನಲು ಎಂದು ಹೇಳಿ ಹೋದದ್ದು.

ಇವರು ಹೇಳುತ್ತಿದ್ದಾರೆ, ನಿನ್ನ ಒಳ್ಳೆಯದಕ್ಕೇ, ಹೇಳಿದರೆ ಈ ಪ್ರವಾಸ ನಿನ್ನ ಗಂಟಲಲ್ಲಿ ಇಳಿಯುತ್ತಿತ್ತಾ, ಒಂದು ಸಲ ಆದರೂ ಎಲ್ಲ ತೋರಿಸಿ ಕಳಿಸುವ ಅಂತ, ನಾಲ್ಕೈದು ವರ್ಷ ಅಷ್ಟೇ, ಆಮೇಲೆ ನಾನೂ ಬರ್ತೇನೆ, ಅಲ್ಲಿಯವರೆಗೆ ನೀವು ಎಲ್ಲಿರುತ್ತೀರಿ ಎಂದೆ, ಅದೆಲ್ಲ ಸೆಟ್ ಆಗಿದೆ, ಅದೇ ಕಟ್ಟಡದಲ್ಲಿ ಮೇಲೆ ಕಮಾಲುದ್ದೀನನ ರೂಮಿನಲ್ಲಿ ಒಂದು ಬೆಡ್, ಊಟಕ್ಕೆ ತೊಂದರೆ ಇಲ್ಲ, ಝೀನತ್ ಒಪ್ಪಿದ್ದಾಳೆ, ನಿನ್ನ ಕೈಯ ರುಚಿ ಅವಳಿಗೆ ಗೊತ್ತುಂಟಲ್ಲ — ನನ್ನ ಗ್ರೈಂಡರಿನಲ್ಲಿ ಅರೆದು, ನನ್ನ ಪಿಂಡಿ, ನನ್ನ ಗಂಡನಿಗೆ, ಬುತ್ತಿ ಕಟ್ಟಿ, ಮೇಲಿನ ಮಾಳಿಗೆಗೆ — ಎಷ್ಟೋ ಕೇಳಬೇಕೆಂದು ಬಾಯಿ ತೆರೆದೆ, ಹಿರಾದಲ್ಲಿ ನಿಂತು ಹೇಳಿದ್ದು ಏನಾಯಿತು ಎಂದು ಕೇಳಲು ತೆರೆದ ಬಾಯಿ, ಬಂದ ಮಾತು ಒಂದೇ, ಗ್ರೈಂಡರ್ ಮಾತ್ರ ನಾನು ಕೊಡುವುದಿಲ್ಲ. ಇವರು ನಕ್ಕರು, ಎದೆಯ ಮೇಲಿನ ಮೂಟೆ ಇಳಿಸಿದವರ ಹಾಗೆ ನಕ್ಕರು, ಅಷ್ಟೇಯಾ ಮಾರಾಯ್ತಿ, ಅದಕ್ಕೆ ಇಷ್ಟು ಮುಖ ಊದಿಸ್ಲಿಕ್ಕುಂಟಾ, ತಗೊಂಡು ಹೋಗು, ಕಾರ್ಗೋದಲ್ಲಿ ಹಾಕುವ, ನೋಡಿದೆಯಾ ಶಬ್ನಮ್, ನಾನು ಹೇಳಿದ್ದೆ ಅಲ್ವಾ, ನಿನ್ನ ಉಮ್ಮ ಅರ್ಥ ಮಾಡಿಕೊಳ್ತಾಳೆ ಅಂತ — ಮೊಬೈಲ್ ಎರಡು ಸಲ ಕ್ಲಿಕ್ ಎಂದಿತು, ಆ ಫೋಟೋದಲ್ಲಿ ನನ್ನ ಮುಖ ಹೇಗೆ ಬಂದಿದೆಯೋ, ನಾನು ಚಪ್ಪಲಿ ಬಿಟ್ಟು ಮಸೀದಿಯೊಳಗೆ ಬಂದೆ, ತಂಪು, ಮಣ್ಣಿನ ಮಾಡು, ಕಿರಿದಾದ ಕಿಂಡಿಯಿಂದ ಒಂದು ಪಟ್ಟಿ ಬಿಸಿಲು, ಯಾರೂ ಇಲ್ಲ, ಇನ್ನು ಕೇಳುವುದಿದ್ದರೆ ನಿನ್ನಲ್ಲಿಯೇ ರಬ್ಬೇ ಎಂದು ಕೈ ಕಟ್ಟಿದೆ, ಬಾಗಿದೆ, ಹಣೆ ನೆಲಕ್ಕೆ ತಾಗಿತು, ಸುಬ್ಹಾನ ರಬ್ಬಿಯಲ್ — ಏನು ಕೇಳಲಿ, ಇವರ ಮನಸ್ಸು ತಿರುಗಿಸು ಎನ್ನಲೇ, ನನ್ನದನ್ನು ಕಲ್ಲು ಮಾಡು ಎನ್ನಲೇ, ಸುಬ್ಹಾನ ರಬ್ಬಿಯಲ್ — ಹೊರಗೆ ಹೆಂಡತಿಯ ಜೊತೆ ಹತ್ತಿ ಬಂದ ನಝೀಮ್ ಏನೋ ಹೇಳಿದ, ಎಲ್ಲರೂ ನಗುತ್ತಿದ್ದಾರೆ, ಝೀನತ್‌ಳ ನಗುವೂ ಅದರೊಳಗೆ ಉಂಟು, ಸುಬ್ಹಾನ — ಎದ್ದರೆ ಕೆಳಗಿಳಿಯಬೇಕು, ಇಳಿದರೆ ವ್ಯಾನು, ವ್ಯಾನಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಅವಳು, ಸುಬ್ಹಾನ — ಮುಂದಿನ ಮಾತು ಬರುವುದಿಲ್ಲ, ಕಣ್ಣು ಮುಚ್ಚಿದರೂ ಅದೇ, ಬಿಟ್ಟರೂ ಅದೇ, ಒರೆಸಿಟ್ಟ ಸ್ಟೀಲಿನ ಬಾಯಿ, ಅದರ ಮೇಲೆ ಅಗಲಿಸಿದ ಕೈ, ಹೆಬ್ಬೆರಳು ಈ ಅಂಚಿಗೆ, ಕಿರುಬೆರಳು ಆ ಅಂಚಿಗೆ ಇನ್ನೂ ಸಿಗದೆ, ಸಿಗಲೆಂದು ಚಾಚುತ್ತಾ, ಬಳೆ, ಟಿಣ್ —