ಉಪ್ಪು ಹೆಚ್ಚಾದ ತೊಟ್ಟಿ

ಆಲೂಗಡ್ಡೆ ಹಾಕಿ ಅರ್ಧ ಗಂಟೆಯಾಯಿತು, ನೀರಿನ ಉಪ್ಪು ಅಳೆಯುವ ಮೀಟರ್ ಮಾತ್ರ ಮೂರು ಪಾಯಿಂಟ್ ಒಂದಕ್ಕೇ ಅಂಟಿಕೊಂಡು ಕೂತಿದೆ, ಒಂದು ಪಾಯಿಂಟ್ ಎರಡು ಇರಬೇಕು ಎಂದು ಸೊಸೆ ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದಾಳೆ, ಒಂದೇ ಗೆರೆ ಎಳೆದಿದ್ದರೆ ಅತ್ತೆಗೆ ಕಾಣುತ್ತಿರಲಿಲ್ಲವೇನೋ — ಪಾತ್ರೆಯಲ್ಲಿ ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕು, ಹೀರಿಕೊಳ್ಳುತ್ತದೆ, ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇನ್ನೂರು ನಾಲಿಗೆಗಳಿಗೆ ಚಳ್ಳೆಹಣ್ಣು ತಿನ್ನಿಸಿದ ಉಪಾಯ, ಬಾಲ್ಕನಿಯ ಈ ತೊಟ್ಟಿಯ ಹತ್ತಿರ ನಡೆಯುತ್ತಿಲ್ಲ, ಗಿಡಗಳನ್ನು ಹಿಡಿದು ನಿಲ್ಲಿಸಿದ ಹಲಗೆಯ ತೂತಿನಿಂದ ಬಗ್ಗಿ ನೋಡಿದರೆ ಬೇರುಗಳ ನಡುವೆ ನಾಲ್ಕು ಹೋಳುಗಳು ತಳದಲ್ಲಿ ಹಾಯಾಗಿ ಮಲಗಿವೆ, ಹೀರುವ ಲಕ್ಷಣವೇ ಇಲ್ಲ, ತಾನು ಮಾಡಿದ್ದಾದರೂ ಏನು, ಮಣ್ಣಿಲ್ಲದೆ ನೀರಿನಲ್ಲೇ ಬೆಳೆಯುವ ನಲವತ್ತು ಲೆಟ್ಯೂಸ್ ಗಿಡ, ಎರಡು ಬಾಟಲಿ ಗೊಬ್ಬರದ ಉಪ್ಪುರಸ, ಒಂದೊಂದು ಮುಚ್ಚಳ ಹಾಕಿ ಎಂದು ಬರೆದಿತ್ತು, ಒಂದು ಮುಚ್ಚಳ ಯಾವ ಮೂಲೆಗೆ, ಬೆಳೆಯುವ ಮಕ್ಕಳು, ಹೊಟ್ಟೆ ತುಂಬ ಉಣ್ಣಲಿ ಎಂದು ಕೈಯಳತೆಯಲ್ಲಿ ಸುರಿದಳು, ಆಮೇಲೆ ಹುಳಿ ನೋಡುವ ಇನ್ನೊಂದು ಮೀಟರ್, ಆರು ಇರಬೇಕಾದದ್ದು ಏಳು ತೋರಿಸಿತು, ಅಂಕಿ ಏರಿದಷ್ಟೂ ಹುಳಿ ಕಡಿಮೆಯಂತೆ, ಹುಳಿ ಸಾಲದು ಎಂದು ಆಸಿಡ್ ಹನಿ ಬಿಟ್ಟರೆ ಧಡಕ್ಕನೆ ಐದು, ನಲ್ಲಿ ನೀರು ಹೊಯ್ದರೆ ಮತ್ತೆ ಏಳು, ಮತ್ತೆ ಹನಿ, ಮತ್ತೆ ನೀರು, ಅಂತೂ ಹುಳಿ ಆರಕ್ಕೆ ಬಂದು ನಿಲ್ಲುವ ಹೊತ್ತಿಗೆ ತೊಟ್ಟಿ ಅಂಚಿನ ತನಕ ತುಂಬಿತ್ತು, ಉಪ್ಪು ಇಳಿಸಲು ಇನ್ನೊಂದು ಲೋಟ ನೀರಿಗೂ ಜಾಗವಿಲ್ಲ, ಚೆಲ್ಲೋಣವೆಂದರೆ ಜನ್ಮದಲ್ಲಿ ಒಂದು ಸೌಟು ಚೆಲ್ಲಿದ ಕೈಯಲ್ಲ ಇದು — ಎಲೆಗಳು ಜೋತುಬಿದ್ದಿವೆ, ನಾಳೆ ಬೆಳಿಗ್ಗೆ ಆಸ್ಪತ್ರೆಯ ಅಡುಗೆಮನೆಗೆ ಹೋಗಬೇಕಾದ ಮೊದಲ ಕೊಯ್ಲು, ಅಲ್ಲಿ ನರ್ಸಾಗಿರುವ ಸೊಸೆ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಅತ್ತೆ, ಇದಕ್ಕೊಂದು ಕೈ ಹಾಕ್ಬೇಡಿ ಎನ್ನುತ್ತಿದ್ದವಳು ಇವತ್ತು ಡ್ಯೂಟಿಗೆ ಹೊರಡುವಾಗ ನಿಮ್ಮನ್ನೇ ನಂಬಿದ್ದೀನಿ ಎಂದು ಹೋದಳು, ತಾನು ಈ ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ಅವಳ ಕೈಗೆ ಉಪ್ಪಿನ ಡಬ್ಬಿ ಕೊಟ್ಟವಳೇ, ನಿನಗೆ ಹದ ಗೊತ್ತಾಗಲ್ಲ ಬಿಡು ಎಂದೇ ಬಂದವಳು, ಕ್ಯಾಂಟೀನಿನಲ್ಲಿ ಉಪ್ಪು ಜಾಸ್ತಿ ಎಂದವರಿಗೆ ನಿನ್ನ ನಾಲಿಗೆ ಕೆಟ್ಟಿದೆ, ಡಾಕ್ಟರಿಗೆ ತೋರಿಸ್ಕೊ ಎಂದು ಬಾಯಿ ಮುಚ್ಚಿಸಿದವಳು, ಈ ಗಿಡಗಳಿಗೂ ಹಾಗೇ ಹೇಳಿ ನೋಡೋಣವೆಂದರೆ —

ಬಾಗಿಲ ಚಿಲಕದ ಸದ್ದು, ಬಂದೇಬಿಟ್ಟಳು, ಚಪ್ಪಲಿ ಬಿಟ್ಟವಳು ನೇರ ಬಾಲ್ಕನಿಗೇ, ಮೀಟರ್ ನೋಡಿದಳು, ತೋಳು ಮೇಲೇರಿಸಿ ತೊಟ್ಟಿಗೆ ಕೈ ಇಳಿಬಿಟ್ಟಳು, ಒಂದು ಹೋಳು ಹೊರಬಂತು, ಅತ್ತೆ, ಏನಿದು, ಇಲಿ ತಂದು ಹಾಕಿರಬೇಕು ಎನ್ನೋಣವೇ, ಸಿಪ್ಪೆ ಸುಲಿದು ಸಮನಾಗಿ ನಾಲ್ಕು ಹೋಳು ಮಾಡುವ ಇಲಿಯೇ, ಆದರೂ ಹೇಳಲು ಬಾಯಿ ತೆರೆದಾಗಿತ್ತು, ಆದರೆ ನಿಜ ಹೇಳದಿದ್ದರೆ ಬೆಳಗಾಗುವುದರೊಳಗೆ ಗಿಡಗಳ ಕಥೆ ಮುಗಿಯುತ್ತದೆ, ಉಪ್ಪು ಜಾಸ್ತಿ ಆಯ್ತು ಕಣೆ, ನನ್ನ ಕೈಯಿಂದ್ಲೇ, ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಹೊರಬಿತ್ತು, ಸೊಸೆ ಬೈಯಲಿಲ್ಲ, ಬಕೆಟ್ ತಂದಳು, ಮುಕ್ಕಾಲು ತೋಡಿ ಹೊಸ ನೀರು ಹಾಕಿದ್ರೆ ಬೆಳಿಗ್ಗೆ ಎದ್ದು ನಿಲ್ತವೆ, ಹೆದರ್ಬೇಡಿ, ಎಂದವಳು ಆ ಹೋಳನ್ನು ನೋಡಿ ತಡೆಯಲಾರದೆ ನಕ್ಕಳು, ಇದು ಪಾತ್ರೆಗೇ ಸರಿ ಅತ್ತೆ, ನೀವು ಆ ಕಡೆ ತಿರುಗಿದಾಗೆಲ್ಲ ನಿಮ್ಮ ಸಾರಿಗೆ ನಾನು ಹಾಕಿ ತೆಗೀತಾ ಇದ್ದೀನಿ, ನಾಲ್ಕು ವರ್ಷದಿಂದ — ನಾಲ್ಕು ವರ್ಷ, ದಿನಾ ಎರಡು ಹೊತ್ತು, ಮಗ ಬೆರಳು ನೆಕ್ಕಿಕೊಂಡು ಹೊಗಳಿದ್ದೆಲ್ಲ, ತನ್ನ ಹದ, ತನ್ನ ಕೈ — ಸೊಸೆಯ ಅಂಗೈಯಲ್ಲಿ ಆಲೂಗಡ್ಡೆ, ನೀರು ತೊಟ್ಟಿಕ್ಕುತ್ತಿರುವ ಆಲೂಗಡ್ಡೆ, ಆಲೂಗಡ್ಡೆ.