ಎದುರುಮನೆಯವರೆಗೆ ಹೋದ ಬ್ಯಾಗು

ಬೆಂಗಳೂರಿನಿಂದ ಹೈದರಾಬಾದಿಗೆ ಆಕಾಶದಲ್ಲಿ ಐನೂರು ಕಿಲೋಮೀಟರ್, ಒಂದು ಗಂಟೆ ಚಿಲ್ಲರೆ. ಹೊಂಗನೂರಿನ ಪ್ರತಿಮಾ ಎದುರುಮನೆಯ ಬೀಗ ನೋಡುತ್ತಾ ನಿಂತು ಆಗಲೇ ಅದಕ್ಕಿಂತ ಹೆಚ್ಚು ಹೊತ್ತಾಗಿತ್ತು.

ಬ್ಯಾಗು ಬೀಗದ ಒಳಗೆ. ಆಧಾರ್ ಕಾರ್ಡು ಬ್ಯಾಗಿನ ಒಳಗೆ.

"ಯಾರನ್ನ ಕೇಳಿ ಕೊಟ್ಟೆ ಅಜ್ಜಿ?"

"ಕೇಳೋದೇನೇ? ಶುಕ್ರವಾರ, ನೀ ಹೊಂಡೋ ಹೊತ್ಗೆ ಸರಿಯಾಗಿ ರಾಹುಕಾಲ. ಅದ್ಕೇ ಹೊತ್ತಾರೆನೇ ಪರಸ್ಥಾನ ಮಡಗಿವ್ನಿ. ಗಂಟು ಹೊಸ್ಲು ದಾಟ್ತು ಅಂದ್ರೆ ನೀನೇ ಹೊಂಟಂಗೆ," ಎಂದಳು ಶಿವಲಿಂಗಮ್ಮ. ಹೈದರಾಬಾದು ಬಡಗಲ ದಿಕ್ಕಿಗೆ ಇದೆಯೆಂದು ವಿಚಾರಿಸಿಕೊಂಡು, ಬಡಗಲಿಗಿದ್ದ ಎದುರುಮನೆ ಬದ್ರುನ್ನೀಸಾಳ ಮನೆಯಲ್ಲೇ ಇಟ್ಟಿದ್ದಳು. ರೇಷ್ಮೆ ನೂಲು ತೆಗೆಯುವ ಬದ್ರುನ್ನೀಸಾ ಗೂಡು ಕೊಳ್ಳಲು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದಳು. ಫೋನ್ ಮಾಡಿದರೆ ಅದೂ ಬೀಗದ ಒಳಗೇ ಕೂಗುತ್ತಿತ್ತು.

ಅಜ್ಜಿಯ ಕಥೆಗಳಲ್ಲಿ ಮರದ ಕುದುರೆ ಏರಿದ ರಾಜಕುಮಾರ ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಏಳು ಸಮುದ್ರ ದಾಟುತ್ತಿದ್ದ. ಪುಣ್ಯವಂತ, ಅವನಿಗೆ ಯಾರೂ ಪರಸ್ಥಾನ ಇಟ್ಟಿರಲಿಲ್ಲ.

ಹೈದರಾಬಾದಿನಲ್ಲಿ ಅಕ್ಕ ಸುಮನಾಗೆ ಸಂಜೆ ಐದು ಗಂಟೆಗೆ ಹೆರಿಗೆಯ ಆಪರೇಷನ್. ಅವ್ವ ಇಲ್ಲದೆ ಬೆಳೆದ ಅಕ್ಕತಂಗಿಯರು. "ಒಳಕ್ಕೆ ಹೋಗೋವಾಗ ನೀ ಪಕ್ಕದಲ್ಲಿರ್ಬೇಕು, ಭಯ ಆಯ್ತದೆ," ಎಂದು ರಾತ್ರಿಯೆಲ್ಲ ಫೋನಿನಲ್ಲಿ ಅತ್ತಿದ್ದಳು.

"ಗಾಬ್ರಿ ಯಾಕವ್ವ? ಒಂದ್ ಗಂಟೆ ಪ್ಲೇನು," ಎಂದ ಕಾರು ತಂದ ಚಿಕ್ಕಪ್ಪ ಕೆಂಪರಾಜು.

"ಆ ಒಂದ್ ಗಂಟೆ ಇಲ್ಲಿಂದಲ್ಲ ಚಿಕ್ಕಪ್ಪ! ಏರ್‌ಪೋರ್ಟಿಗೇ ಮೂರು ಗಂಟೆ ಬೇಕು!"

"ಅಷ್ಟು ದೂರ ಯಾಕ್ ಕಟ್ಟವ್ರೆ?"

"ಬೀಗ ಒಡೀತೀನಿ," ಎಂದಳು ಪ್ರತಿಮಾ.

"ಇನ್ನೊಬ್ರ ಮನೆ ಬೀಗ ಒಡ್ದು ಬಾಣಂತಿ ನೋಡಕ್ಕೆ ಹೋದಾರಾ?" ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

ಬದ್ರುನ್ನೀಸಾ ಗೂಡಿನ ಮೂಟೆಯೊಂದಿಗೆ ಬಸ್ಸಿಳಿದಾಗ ವಿಮಾನ ಹೈದರಾಬಾದು ಮುಟ್ಟಿತ್ತು. ಸಂಜೆಯ ವಿಮಾನವಾದರೂ ಸಿಗಲಿ ಎಂದು ಹೊರಟರೆ ಬಿಡದಿಯಲ್ಲಿ ಕಾರ್ಖಾನೆ ಬಸ್ಸುಗಳ ಸಾಲು. ಅಲ್ಲೇ ಫೋನು ಬಂತು.

"ಎಲ್ಲಿದ್ದೀಯೆ? ಒಳಕ್ಕೆ ಕರ್ಕೊಂಡೋಯ್ತಾವ್ರೆ," ಎಂದಳು ಅಕ್ಕ.

"ಬಿಡದೀಲಿ," ಎಂದಳು ಪ್ರತಿಮಾ. "ಅಜ್ಜಿ ಪರಸ್ಥಾನ ಮಡಗ್ಬುಟ್ಟಿತ್ತು ಕಣಕ್ಕ. ಬದ್ರುನ್ನೀಸಮ್ಮ ಬೀಗ ಹಾಕ್ಕೊಂಡು ಹೋಗ್ಬುಟ್ಟಿದ್ರು."

ಆ ಕಡೆಯಿಂದ, "ಲೇ ಪೆದ್ದಿ, ಅದು ಕೆಟ್ಟೋದ ಬೀಗ! ಎಳುದ್ರೆ ಬತ್ತದೆ!"

ಸುಮನಾ ನಗತೊಡಗಿದಳು. "ನಗಿಸ್ಬೇಡ ಕಣೇ, ಹೊಟ್ಟೆ ಹಿಡ್ಕತದೆ," ಎನ್ನುತ್ತಲೇ ನಕ್ಕಳು. ನರ್ಸು ಗದರಿದ್ದು ಕೇಳಿಸಿತು, ಬಾಗಿಲು ಮುಚ್ಚಿದ್ದು ಕೇಳಿಸಿತು, ಅದರಾಚೆಗೂ ಒಸಿ ನಗು ಕೇಳಿಸಿತು.

ಪ್ರತಿಮಾ ಚಿಕ್ಕಪ್ಪನ ಕಡೆ ತಿರುಗಿದಳು. "ನಿಮ್ಗೆ ಗೊತ್ತಿತ್ತಾ?"

"ಊರಿಗೇ ಗೊತ್ತು ಕಣವ್ವ," ಎಂದ ಕೆಂಪರಾಜು ಹಾರ್ನ್ ಒತ್ತುತ್ತಾ. "ನೀನು ಒಡೀತೀನಿ ಅಂದೆ. ಎಳೀತೀನಿ ಅಂದ್ಯಾ?"